ಗ್ರಾಮಸಭೆಗೆ ಹೋಗಿ ಮಾಡುವುದೇನು: ಕಾಸರಗೋಡಿನ ಕನ್ನಡಿಗರಿಗೆ ಒಂದು ಕೈಪಿಡಿ

2025ರ ಡಿಸೆಂಬರ್ 11ರಂದು ನಮ್ಮ ಜಿಲ್ಲೆಯಲ್ಲಿ ಪಂಚಾಯತು ಚುನಾವಣೆ ಆಯಿತು. 13ರಂದು ಎಣಿಕೆ ಮುಗಿಯಿತು. ನಿಮ್ಮ ವಾರ್ಡಿನಲ್ಲಿ ಯಾರು ಗೆದ್ದರು, ಎಷ್ಟು ಓಟಿನ ಅಂತರ, ಯಾವ ಮನೆಯ ಓಟು ಯಾವ ಕಡೆ ಹೋಗಿರಬಹುದು ಅಂತ ಕೇಳಿದರೆ ಥಟ್ಟನೆ ಹೇಳುತ್ತೀರಿ. ಅದೇ ವಾರ್ಡಿನ ಕಳೆದ ಗ್ರಾಮಸಭೆ ಯಾವತ್ತು ನಡೆಯಿತು, ಅಲ್ಲಿ ಏನು ತೀರ್ಮಾನ ಆಯಿತು ಅಂತ ಕೇಳಿ ನೋಡಿ. ಹೆಚ್ಚಿನ ಮನೆಗಳಲ್ಲಿ ಉತ್ತರ ಸಿಗುವುದಿಲ್ಲ.

ಈ ದೇಶದ ಪ್ರಜಾಪ್ರಭುತ್ವ ಇನ್ನೂ ಪಕ್ವ ಆಗಿಲ್ಲ ಅಂತ ಟಿವಿ ಮುಂದೆ ಕೂತು ಎಲ್ಲರೂ ಹೇಳುತ್ತೇವೆ. ನನಗೆ ಅನ್ನಿಸುವುದು ಇಷ್ಟು. ಓಟು ಹಾಕುವುದನ್ನು ನಾವು ಚೆನ್ನಾಗಿಯೇ ಕಲಿತಿದ್ದೇವೆ. ಒಂದು ಓಟಿನಿಂದ ಇನ್ನೊಂದು ಓಟಿನವರೆಗಿನ ಐದು ವರ್ಷ ಏನು ಮಾಡಬೇಕು ಅನ್ನುವುದನ್ನು ಕಲಿತಿಲ್ಲ. ಹಕ್ಕಿನಿಂದ ಕೇಳಬೇಕಾದ್ದನ್ನು ಮೆಂಬರರ ಮನೆ ಜಗಲಿಯಲ್ಲಿ ಕೂತು ಉಪಕಾರ ಅಂತ ಕೇಳುತ್ತೇವೆ, ಆಮೇಲೆ ಆ ಉಪಕಾರದ ಋಣದಲ್ಲಿ ಐದು ವರ್ಷ ಬಾಯಿ ಮುಚ್ಚಿಕೊಂಡಿರುತ್ತೇವೆ. ಇದನ್ನು ಬದಲಾಯಿಸಲು ಸಾಧ್ಯ. ಅದಕ್ಕೆ ದೊಡ್ಡ ಹೋರಾಟವೇನೂ ಬೇಡ. ವರ್ಷಕ್ಕೆ ನಾಲ್ಕು ಅರ್ಧ ದಿನ, ಒಂದು ಫೈಲು, ಜೊತೆಗೆ ನಾಲ್ಕೈದು ನೆರೆಮನೆಯವರು ಸಾಕು.

ಗ್ರಾಮಸಭೆ ಅಂದರೆ ಯಾರು?

ನೀವೇ. ವಾರ್ಡಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಅದರ ಸದಸ್ಯರು. ವಿಟ್ಲ, ಪುತ್ತೂರು ಕಡೆಯ ನೆಂಟರು ಹೇಳುವ ಗ್ರಾಮಸಭೆಗೂ ನಮ್ಮದಕ್ಕೂ ವ್ಯತ್ಯಾಸ ಇದೆ. ಕೇರಳದಲ್ಲಿ ಒಂದೊಂದು ವಾರ್ಡಿಗೂ ಒಂದೊಂದು ಗ್ರಾಮಸಭೆ. 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಮೂರು ತಿಂಗಳಿಗೆ ಒಮ್ಮೆಯಾದರೂ ಅದು ಸೇರಲೇಬೇಕು. ಕರೆಯುವ ಜವಾಬ್ದಾರಿ ವಾರ್ಡ್ ಮೆಂಬರರದ್ದು. ಸತತ ಎರಡು ಸಲ ಕರೆಯದಿದ್ದರೆ ಅವರ ಸದಸ್ಯತ್ವಕ್ಕೇ ಕುತ್ತು ಬರುತ್ತದೆ. ಅಧ್ಯಕ್ಷತೆ ವಹಿಸಬೇಕಾದವರು ಪಂಚಾಯತು ಅಧ್ಯಕ್ಷರು.

ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಒಟ್ಟು ಮತದಾರರಲ್ಲಿ ನೂರಕ್ಕೆ 10 ಜನ. ವಾರ್ಡಿನಲ್ಲಿ 1200 ಓಟಿದ್ದರೆ 120 ಜನ ಬರಬೇಕು. ಅಷ್ಟು ಜನ ಬಾರದೆ ಸಭೆ ಮುಂದೆ ಹೋದರೆ ಮುಂದಿನ ಸಲಕ್ಕೆ 50 ಜನ ಸಾಕು. ಎಷ್ಟೋ ಕಡೆ ಈ ಕೋರಂ ತುಂಬುವುದು ಕುಟುಂಬಶ್ರೀ ಅಯಲ್ಕೂಟದ (ನೆರೆಮನೆಯವರ ಸ್ವಸಹಾಯ ಗುಂಪಿನ) ಹೆಂಗಸರಿಂದ. ಅವರು ಬಾರದಿದ್ದರೆ ಸಭೆಯೇ ಇಲ್ಲ. ಗಂಡಸರು ಬಂದು ರಿಜಿಸ್ಟರಿನಲ್ಲಿ ಸಹಿ ಹಾಕಿ, ಚಾ ಕುಡಿದು, ಹೊರಗೆ ಸ್ಕೂಟರಿನ ಹತ್ತಿರ ನಿಂತು ಮಾತಾಡುತ್ತಾರೆ. ಸ್ವಲ್ಪ ಅನುಕೂಲ ಇರುವ ಮನೆಯವರು, ಅಡಿಕೆ ತೋಟ ಇರುವವರು, ಮೇಷ್ಟ್ರುಗಳು, ಬ್ಯಾಂಕಿನವರು ಬರುವುದೇ ಇಲ್ಲ. ಅಲ್ಲಿ ಕೋಳಿ, ಆಡು, ಸಸಿ ಹಂಚುತ್ತಾರೆ, ನಮಗೇನು ಕೆಲಸ ಅಂತ ಅವರ ಲೆಕ್ಕ. ಓದಿದವರು ಹೀಗೆ ದೂರ ನಿಂತದ್ದರಿಂದಲೇ ಗ್ರಾಮಸಭೆ ಫಲಾನುಭವಿಗಳ ಪಟ್ಟಿ ಓದುವ ಸಭೆ ಮಾತ್ರ ಆಗಿಬಿಟ್ಟಿದೆ. ಬಜೆಟ್ ಕೇಳುವವರು, ಎಸ್ಟಿಮೇಟ್ ಓದಬಲ್ಲವರು ಕೂತರೆ ಅದೇ ಸಭೆಗೆ ಬೇರೆಯೇ ತೂಕ ಬರುತ್ತದೆ.

ಮೊದಲ ಕೆಲಸ: ಹೆಸರು ಎಲ್ಲಿದೆ ನೋಡಿ

ಎರಡು ಪಟ್ಟಿ ಇವೆ. ವಿಧಾನಸಭೆ, ಲೋಕಸಭೆಗೆ ಕೇಂದ್ರ ಚುನಾವಣಾ ಆಯೋಗದ ಪಟ್ಟಿ. ಪಂಚಾಯತಿಗೆ ರಾಜ್ಯ ಚುನಾವಣಾ ಆಯೋಗದ ಪಟ್ಟಿ. ಒಂದರಲ್ಲಿ ಇದ್ದ ಹೆಸರು ಇನ್ನೊಂದರಲ್ಲಿ ತಾನಾಗಿ ಬರುವುದಿಲ್ಲ. ಮದುವೆಯಾಗಿ ಬಂದ ಸೊಸೆಯಂದಿರ ಹೆಸರು ಬಿಟ್ಟುಹೋಗುವುದು ಇಲ್ಲೇ. ಎರಡನ್ನೂ ಬೇರೆ ಬೇರೆ ನೋಡಿ, ಬೇರೆ ಬೇರೆ ಅರ್ಜಿ ಹಾಕಿ.

ಗಡಿಯಲ್ಲಿ ಇರುವ ನಮಗೆ ಇನ್ನೊಂದು ವಿಷಯ ಇದೆ. ತಲಪಾಡಿಯ ಆಚೆಗೊಂದು ಮನೆ, ಈಚೆಗೊಂದು ಮನೆ ಇರುವ ಕುಟುಂಬಗಳು ಜಾಸ್ತಿ. ಎರಡೂ ರಾಜ್ಯದ ಪಟ್ಟಿಯಲ್ಲಿ ಹೆಸರು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಎಲ್ಲಿ ವಾಸವೋ ಅಲ್ಲಿ ಮಾತ್ರ ಇರಲಿ, ಇನ್ನೊಂದನ್ನು ತೆಗೆಸಿ. ಒಂದು ಓಟಿನಿಂದ ಏನಾಗುತ್ತದೆ ಅಂತ ಕೇಳುವವರಿಗೆ ಮಂಜೇಶ್ವರದ ಲೆಕ್ಕ ಗೊತ್ತಿರಲಿ: 2016ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಸೋಲು-ಗೆಲುವಿನ ಅಂತರ 89 ಓಟು.

ಕನ್ನಡದಲ್ಲೇ ಕೇಳಿ

ಸಭೆಯಲ್ಲಿ ಬಾಯಿ ಬಿಡದಿರಲು ನಮ್ಮವರು ಹೇಳುವ ದೊಡ್ಡ ಕಾರಣ ಭಾಷೆ. ಎಲ್ಲ ಮಲಯಾಳದಲ್ಲಿ ಓದಿಬಿಡುತ್ತಾರೆ, ಅರ್ಧ ಅರ್ಥ ಆಗುವುದಿಲ್ಲ, ಎದ್ದು ನಿಂತರೆ ತಪ್ಪಾದೀತು ಅನ್ನುವ ಭಯ. ಈ ಭಯ ನಿಜವೇ. ಆದರೆ ಕಾನೂನು ನಿಮ್ಮ ಕಡೆ ಇದೆ. ಸಂವಿಧಾನದ 350ನೇ ವಿಧಿ ಪ್ರಕಾರ ಯಾವುದೇ ಅಧಿಕಾರಿಗೆ, ಪ್ರಾಧಿಕಾರಕ್ಕೆ ಕೊಡುವ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಬರೆಯಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಸೆಕ್ರೆಟರಿಯೇಟಿಗೆ, ಇಲಾಖಾ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಸರಕಾರಿ ಕಚೇರಿಗಳಿಗೆ ಕನ್ನಡಿಗರು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ತಿರುವನಂತಪುರದ ವಿಧಾನಸಭೆಯಲ್ಲೇ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡರು. ಅಲ್ಲಿ ನಡೆದದ್ದು ನಮ್ಮ ಎಲ್‌ಪಿ ಶಾಲೆಯ ಹಾಲಿನಲ್ಲಿ ನಡೆಯುವುದಿಲ್ಲವೇ?

ಎದ್ದು ನಿಂತು ಜಗಳದ ದನಿಯಲ್ಲಿ ಹೇಳುವುದು ಬೇಡ. "ಮೆಂಬರಕ್ಕಾ, ಈ ಪಟ್ಟಿಯನ್ನು ಕನ್ನಡದಲ್ಲೂ ಒಮ್ಮೆ ಹೇಳಿ, ಹಿಂದೆ ಕೂತವರಿಗೆ ಗೊತ್ತಾಗಲಿಲ್ಲ" ಅಂದರೆ ಸಾಕು. ಹೆಚ್ಚಿನ ಮೆಂಬರರು ಮನೆಯಲ್ಲಿ ತುಳುವೋ ಕನ್ನಡವೋ ಬ್ಯಾರಿಯೋ ಮಾತಾಡುವವರೇ. ಕೇಳಿದರೆ ಹೇಳುತ್ತಾರೆ. ತುಳುವಿನಲ್ಲಿ ಮಾತಾಡುವ ಅಜ್ಜಿಯ ಮಾತೂ ಮಿನಿಟ್ಸಿನಲ್ಲಿ (ಸಭೆಯ ನಡಾವಳಿಯಲ್ಲಿ) ಬರಬೇಕು. ಅದು ಬಂತಾ ಅಂತ ಪಕ್ಕದಲ್ಲಿ ನಿಂತು ನೋಡುವ ಕೆಲಸ ಓದು ಬರುವ ನಿಮ್ಮದು. ಮಲಯಾಳ ಓದಲು ಬರುವ ಮಕ್ಕಳು ಈಗ ಪ್ರತಿ ಮನೆಯಲ್ಲೂ ಇದ್ದಾರೆ. ಅವರನ್ನು ಕರೆದುಕೊಂಡು ಹೋಗಿ.

ಇಲ್ಲಿ ಒಂದು ಮಾತು ಹೇಳಬೇಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಹಿರಿಯರು ಆ ನೋವನ್ನು ಚುನಾವಣೆಯಲ್ಲಿ ತೋರಿಸಿದರು. 1957ರಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು, ಆಮೇಲೆ ಕಳ್ಳಿಗೆ ಮಹಾಬಲ ಭಂಡಾರಿಯವರನ್ನು ಜನ ಮತ್ತೆ ಮತ್ತೆ ಗೆಲ್ಲಿಸಿದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಗಡಿ ತಕರಾರಿಗೆ ನೇಮಿಸಿದ ಮಹಾಜನ್ ಆಯೋಗ ಹೇಳಿತು, ಅದು ಜಾರಿಗೆ ಬರಲಿಲ್ಲ. ಆ ಬೇಡಿಕೆ ಇರುವವರಿಗೆ ಇರಲಿ. ಆದರೆ ಆ ದೊಡ್ಡ ತೀರ್ಮಾನ ಬರಲಿ ಅಂತ ಕಾಯುತ್ತಾ, ಇವತ್ತು ಕೈಯಲ್ಲಿರುವ ಸಣ್ಣ ಅಧಿಕಾರವನ್ನು ನಾವು ಸುಮ್ನೆ ಬಿಟ್ಟುಕೊಟ್ಟದ್ದು ನನಗೆ ಬಹಳ ಬೇಸರದ ವಿಷಯ. ಶಾಲೆಗೆ ಕನ್ನಡ ಬಲ್ಲ ಟೀಚರ್ ಬೇಕು, ಪಂಚಾಯತಿನ ಬೋರ್ಡು ಕನ್ನಡದಲ್ಲಿ ಬೇಕು ಅನ್ನುವುದನ್ನು ಗ್ರಾಮಸಭೆಯ ನಿರ್ಣಯವಾಗಿ ಬರೆಸಿದರೆ ಅದು ದಾಖಲೆ ಆಗುತ್ತದೆ. ವೇದಿಕೆಯ ಭಾಷಣ ಹಾಗೆ ಆಗುವುದಿಲ್ಲ.

ಸಭೆಗೆ ಹೋಗುವ ಮೊದಲು

ದಿನಾಂಕ ಗೊತ್ತಾದ ಕೂಡಲೇ ಪಂಚಾಯತು ಆಫೀಸಿಗೆ ಹೋಗಿ ಮೂರು ವಿಷಯ ತಿಳಿದುಕೊಳ್ಳಿ. ಹಿಂದಿನ ಸಭೆಯ ಮಿನಿಟ್ಸ್‌ನಲ್ಲಿ ಏನಿದೆ. ಈ ವರ್ಷ ನಿಮ್ಮ ವಾರ್ಡಿಗೆ ಯಾವ ಯಾವ ಕೆಲಸಕ್ಕೆ ಎಷ್ಟು ದುಡ್ಡು ಇಟ್ಟಿದ್ದಾರೆ. ಅದರಲ್ಲಿ ಎಷ್ಟು ಮುಗಿದಿದೆ. ಇದನ್ನು ಕೊಡುವುದು ಯಾರ ದಯೆಯೂ ಅಲ್ಲ. ಬಜೆಟಿನ ವಿವರ, ಬಾಬ್ತುವಾರು ಹಂಚಿಕೆ, ಕಾಮಗಾರಿಯ ಎಸ್ಟಿಮೇಟು, ಸಾಮಾನಿನ ಖರ್ಚು ಎಲ್ಲವನ್ನೂ ತಿಳಿಯುವ ಹಕ್ಕು ಗ್ರಾಮಸಭೆಗೆ ಇದೆ ಅಂತ ಕಾಯ್ದೆಯೇ ಹೇಳುತ್ತದೆ. ಒಂದು ನಿರ್ಣಯ ಜಾರಿ ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಕಾರಣ ಕೇಳುವ ಹಕ್ಕೂ ಇದೆ.

ಈ ಅಧಿಕಾರ ಸುಮ್ನೆ ಬಂದದ್ದಲ್ಲ. ಸಂವಿಧಾನದ 1992ರ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. 1996ರಲ್ಲಿ ಕೇರಳ ಸರಕಾರ ಜನಕೀಯ ಯೋಜನೆ (ಜನರೇ ಸೇರಿ ಯೋಜನೆ ಮಾಡುವ ಕ್ರಮ) ಶುರು ಮಾಡಿ, ರಾಜ್ಯದ ಯೋಜನಾ ಹಣದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿಯನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡುವುದಾಗಿ ಹೇಳಿತು. ಗ್ರಾಮಸಭೆಯಲ್ಲಿ ಬಂದ ಬೇಡಿಕೆ ಪಂಚಾಯತಿನ ವಿಕಸನ (ಅಭಿವೃದ್ಧಿ) ಸೆಮಿನಾರಿಗೆ, ಅಲ್ಲಿಂದ ಪಂಚಾಯತು ಸಮಿತಿಗೆ, ಅಲ್ಲಿಂದ ಜಿಲ್ಲಾ ಯೋಜನಾ ಸಮಿತಿಗೆ ಹೋಗುತ್ತದೆ. ಮೊದಲ ಮೆಟ್ಟಿಲಲ್ಲಿ ಬರೆಯದೆ ಬಿಟ್ಟದ್ದನ್ನು ಮೇಲೆ ಯಾರೂ ಸೇರಿಸುವುದಿಲ್ಲ.

ಆದ್ದರಿಂದ ಬೇಡಿಕೆಯನ್ನು ಬಾಯಲ್ಲಿ ಹೇಳಿ ಬಿಡಬೇಡಿ. ಕಾಗದದಲ್ಲಿ ಬರೆಯಿರಿ. "ರಸ್ತೆ ಸರಿ ಮಾಡಿ" ಅಂದರೆ ಯಾರಿಗೂ ಹಿಡಿತಕ್ಕೆ ಸಿಗುವುದಿಲ್ಲ. ಹೀಗೆ ಬರೆಯಿರಿ:

"ನಮ್ಮ ವಾರ್ಡಿನ ಭಜನಾ ಮಂದಿರದಿಂದ ಅಂಗನವಾಡಿಯವರೆಗಿನ ಸುಮಾರು 200 ಮೀಟರ್ ಮಣ್ಣುದಾರಿಯಲ್ಲಿ ಮಳೆಗಾಲದಲ್ಲಿ ಮಕ್ಕಳಿಗೆ ನಡೆಯಲು ಆಗುವುದಿಲ್ಲ. ಮೊದಲು ಚರಂಡಿ, ಆಮೇಲೆ ಕಾಂಕ್ರೀಟು ಆಗಬೇಕು. ಇದನ್ನು ಮುಂದಿನ ವಾರ್ಷಿಕ ಯೋಜನೆಯಲ್ಲಿ ಸೇರಿಸಲು ಈ ಗ್ರಾಮಸಭೆ ನಿರ್ಣಯಿಸಬೇಕು."

ಕೆಳಗೆ ಆ ದಾರಿ ಬಳಸುವ ಮನೆಯವರ ಸಹಿ. ಒಂದು ಪ್ರತಿ ಮೆಂಬರರಿಗೆ, ಒಂದು ಆಫೀಸಿನ ಕೌಂಟರಿಗೆ, ಒಂದು ನಿಮ್ಮ ಫೈಲಿಗೆ. ಕೌಂಟರಿನಲ್ಲಿ ಕೊಟ್ಟದ್ದಕ್ಕೆ ರಶೀದಿ ಪಡೆಯದೆ ಮನೆಗೆ ಬರಬೇಡಿ.

ಸಭೆಯ ದಿನ

ಮೊದಲೇ ಹೋಗಿ, ಮುಂದೆ ಕೂತುಕೊಳ್ಳಿ. ಸ್ವಾಗತ, ಉದ್ಘಾಟನೆ, ಸಾಧನೆಯ ಭಾಷಣ ಮುಗಿಯುವಾಗ ಅರ್ಧ ಜನ ಎದ್ದು ಹೋಗಿರುತ್ತಾರೆ. ಅದಕ್ಕೇ ಶುರುವಿನಲ್ಲೇ ಮರ್ಯಾದೆಯಿಂದ ಒಂದು ಮಾತು ಕೇಳಿ: "ಕಳೆದ ಸಭೆಯ ನಿರ್ಣಯಗಳನ್ನೂ ಅದರ ಮೇಲೆ ಏನಾಯಿತು ಅನ್ನುವುದನ್ನೂ ಮೊದಲು ಓದಬೇಕು." ಈ ಒಂದು ಪ್ರಶ್ನೆಯಿಂದ ಸಭೆಯ ದಾರಿ ಬದಲಾಗುತ್ತದೆ.

ಮನೆ, ಕೊಳವೆಬಾವಿ, ಪಶು ಸಾಕಣೆ ಮುಂತಾದ ಸಹಾಯಕ್ಕೆ ಮಾನದಂಡದ ಪ್ರಕಾರ ಆದ್ಯತಾ ಪಟ್ಟಿ ಮಾಡುವುದು ಗ್ರಾಮಸಭೆಯ ಅಧಿಕಾರ. ಪಟ್ಟಿ ಓದಿದಾಗ ಮಾನದಂಡವನ್ನೂ ಓದಿಸಿ. ನಿಮಗೆ ಸಿಗಬಹುದಾಗಿದ್ದ ಸಹಾಯ ನಿಮಗಿಂತ ಕಷ್ಟದಲ್ಲಿರುವ ಮನೆಗೆ ಹೋಗುತ್ತಿದ್ದರೆ "ಸರಿ" ಅಂತ ಗಟ್ಟಿಯಾಗಿ ಹೇಳಿ. ಇದು ಕಷ್ಟ, ಗೊತ್ತು. ಆದರೆ ಒಬ್ಬರು ಹಾಗೆ ಹೇಳಿದ ಸಭೆಯಲ್ಲಿ ಆಮೇಲೆ ಸುಳ್ಳು ಹೆಸರು ಸೇರಿಸುವುದು ಯಾರಿಗೂ ಸುಲಭ ಆಗುವುದಿಲ್ಲ.

ಯಾರು ಕುರ್ಚಿಯಲ್ಲಿ ಕೂತಿದ್ದಾರೆ, ಯಾರು ಬಾಗಿಲ ಹತ್ತಿರ ನಿಂತಿದ್ದಾರೆ ಅಂತ ನೋಡಿ. ಹಳ್ಳಿಯ ಕೈಗೆ ಅಧಿಕಾರ ಕೊಟ್ಟರೆ ಜಾತಿಯ ಬಲ ಇರುವವರೇ ಆಳುತ್ತಾರೆ ಅನ್ನುವ ಆತಂಕ ಅಂಬೇಡ್ಕರ್ ಅವರಿಗೆ ಇತ್ತು. ಕೊರಗ ಸಮುದಾಯದವರು ಒಂದು ಮಾತೂ ಆಡದೆ ಸಹಿ ಹಾಕಿ ಹೋಗುವ ಸಭೆ ಆ ಆತಂಕವನ್ನು ಇವತ್ತಿಗೂ ನಿಜ ಮಾಡುತ್ತದೆ. ಅವರಂಥ ಪರಿಶಿಷ್ಟ ಪಂಗಡದವರಿಗೆ ಊರುಕೂಟ ಅಂತ ಬೇರೆ ಸಭೆ ಇದೆ. ಅದು ನಡೆಯಿತಾ, ಅಲ್ಲಿಂದ ಬಂದ ಬೇಡಿಕೆ ಏನು ಅಂತ ನೀವೇ ಕೇಳಿ. ಪರಿಶಿಷ್ಟರ ವಸತಿಗಳಿಗೆ ಇದ್ದ "ಕಾಲೊನಿ" ಅನ್ನುವ ಹೆಸರನ್ನು 2024ರಲ್ಲಿ ಸರಕಾರ ಕಡತದಿಂದ ತೆಗೆಯಿತು. ನಮ್ಮ ಬಾಯಿಂದಲೂ ಹೋಗಬೇಕು.

ಹೆಣ್ಣುಮಕ್ಕಳಿಗೆ ಅರ್ಧ ಸೀಟು ಮೀಸಲಾಗಿರುವ ರಾಜ್ಯ ಇದು. ಆದರೂ ಮೆಂಬರ್ ಹೆಂಗಸಾದರೆ ಪ್ರಶ್ನೆಯನ್ನು ಅವರ ಗಂಡನಿಗೋ ಪಕ್ಷದ ಬೂತ್ ಲೀಡರಿಗೋ ಕೇಳುವವರಿದ್ದಾರೆ. ಹಾಗೆ ಮಾಡಬೇಡಿ. ಮೆಂಬರರನ್ನೇ ಕೇಳಿ, ಅವರು ಉತ್ತರ ಹೇಳುವವರೆಗೆ ಕಾಯಿರಿ.

ನಮ್ಮ ಪಕ್ಷದವರನ್ನು ಕೇಳುವುದು

ಇದೇ ಎಲ್ಲಕ್ಕಿಂತ ಕಷ್ಟದ ಭಾಗ. ಬೇರೆ ಪಕ್ಷದ ಮೆಂಬರಿಗೆ ಪ್ರಶ್ನೆ ಕೇಳಲು ಇಪ್ಪತ್ತು ಜನ ಎದ್ದು ನಿಲ್ಲುತ್ತಾರೆ. ನಮ್ಮವರು ಗೆದ್ದ ವಾರ್ಡಿನಲ್ಲಿ ಎಲ್ಲರೂ ನೆಲ ನೋಡುತ್ತಾರೆ. ಕೇಳಿದರೆ "ನೀನು ಆ ಕಡೆ ಸೇರಿದೆಯಾ" ಅನ್ನುತ್ತಾರೆ. ದೇವಸ್ಥಾನದ ಸಮಿತಿ, ಕ್ಲಬ್ಬು, ಸಹಕಾರಿ ಬ್ಯಾಂಕು, ಮದುವೆ ಮನೆ, ಎಲ್ಲ ಕಡೆ ಅದೇ ಮುಖಗಳು. ಒಂದು ಪ್ರಶ್ನೆಗಾಗಿ ನಾಳೆ ಯಾರೂ ಮಾತಾಡಿಸದೆ ಹೋದರೆ ಅನ್ನುವ ಹೆದರಿಕೆ ಸಣ್ಣದಲ್ಲ.

ಇದಕ್ಕೆ ನನಗೆ ಸರಿ ಕಂಡ ದಾರಿ ಒಂದೇ. ಒಬ್ಬರೇ ಕೇಳಬೇಡಿ. ಬೇರೆ ಬೇರೆ ಪಕ್ಷಕ್ಕೆ ಓಟು ಹಾಕುವ ನಾಲ್ಕೈದು ಮನೆಯವರು ಸೇರಿ, ಒಂದೇ ವಿಷಯವನ್ನು ಬರವಣಿಗೆಯಲ್ಲಿ ಕೇಳಿ. ನೀರು, ಚರಂಡಿ, ಬೀದಿದೀಪ, ಶಾಲೆಯ ಕಕ್ಕಸು, ಇಂಥದ್ದನ್ನೇ ಮೊದಲು ಆರಿಸಿ, ಯಾಕೆಂದರೆ ಇವುಗಳಲ್ಲಿ ಪಕ್ಷ ಬರುವುದಿಲ್ಲ. ಮೆಂಬರರ ಹೆಸರು ಎತ್ತಬೇಡಿ, ಕೆಲಸದ ಹೆಸರು ಎತ್ತಿ. "ನೀವು ಯಾಕೆ ಮಾಡಲಿಲ್ಲ" ಅನ್ನುವುದಕ್ಕಿಂತ "ಈ ಕೆಲಸ ಯಾವ ಹಂತದಲ್ಲಿದೆ, ಫೈಲು ಯಾರ ಹತ್ತಿರ ಇದೆ" ಅಂತ ಕೇಳಿದರೆ ಉತ್ತರ ಬರುತ್ತದೆ. ಉತ್ತರ ಸರಿಯಾಗಿದ್ದರೆ ಎಲ್ಲರ ಎದುರು ಒಪ್ಪಿಕೊಳ್ಳಿ. ಚೆನ್ನಾಗಿ ಕೆಲಸ ಮಾಡುವ ಮೆಂಬರರಿಗೂ ಇಂಥ ಸಭೆಯಿಂದ ಬಲ ಬರುತ್ತದೆ. ಮೇಲಿನವರ ಹತ್ತಿರ "ನನ್ನ ವಾರ್ಡಿನವರು ಬಿಡುವುದಿಲ್ಲ" ಅಂತ ಅವರು ಹೇಳಬಹುದು, ಅಲ್ವಾ?

ಕಾಮಗಾರಿ ಅಳೆಯುವುದು

ಒಂದು ಟೇಪು ಸಾಕು. ಎಸ್ಟಿಮೇಟಿನಲ್ಲಿ ಉದ್ದ 100 ಮೀಟರ್, ಅಗಲ 3 ಮೀಟರ್, ದಪ್ಪ 15 ಸೆಂಟಿಮೀಟರ್ ಅಂತ ಇದ್ದರೆ ಕಾಂಕ್ರೀಟು 45 ಘನ ಮೀಟರ್ ಆಗಬೇಕು. ದಪ್ಪ 10 ಸೆಂಟಿಮೀಟರ್ ಮಾತ್ರ ಹಾಕಿದರೆ 30 ಘನ ಮೀಟರ್. ಮೂರರಲ್ಲಿ ಒಂದು ಪಾಲು ಕಾಣೆ. ಮೇಲಿಂದ ನೋಡಿದರೆ ಎರಡೂ ಒಂದೇ ತರ ಕಾಣುತ್ತವೆ. ಆದ್ದರಿಂದ ಕಾಂಕ್ರೀಟು ಹಾಕುವ ದಿನವೇ ಬದಿಯ ಹಲಗೆಯ ಹತ್ತಿರ ಎರಡು ಮೂರು ಕಡೆ ಅಳೆದು ಫೋಟೋ ತೆಗೆಯಿರಿ. ಕೆಲಸದವರ ಹತ್ತಿರ ಜಗಳ ಬೇಡ, ಅವರು ಕೂಲಿಗೆ ಬಂದವರು. ಓವರ್ಸಿಯರಿಗೆ ಹೇಳಿ, ಆಮೇಲೆ ಬರೆದು ಕೊಡಿ.

ಪಂಚಾಯತಿನಿಂದ ಕಾಗದ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಫೀಸು 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಯಾಕೆ ಬೇಕು ಅಂತ ಕಾರಣ ಹೇಳುವ ಅಗತ್ಯ ಇಲ್ಲ. "ಯಾಕೆ ಹೀಗೆ ಮಾಡಿದಿರಿ" ಅಂತ ಬರೆದರೆ ಉತ್ತರ ಸಿಗುವುದಿಲ್ಲ, ದಾಖಲೆಯನ್ನೇ ಕೇಳಬೇಕು: ಎಸ್ಟಿಮೇಟಿನ ಪ್ರತಿ, ಅಳತೆ ಪುಸ್ತಕದ ಪುಟ, ಬಿಲ್ಲಿನ ಪ್ರತಿ. ಕಾಮಗಾರಿಯನ್ನು ನೋಡುವ, ಸಾಮಾನಿನ ಮಾದರಿ ಪಡೆಯುವ ಹಕ್ಕನ್ನೂ ಈ ಕಾಯ್ದೆ ಕೊಡುತ್ತದೆ. ಉತ್ತರ ಬಾರದಿದ್ದರೆ ಅಥವಾ ತೃಪ್ತಿ ಆಗದಿದ್ದರೆ 30 ದಿನದೊಳಗೆ ಮೊದಲ ಅಪೀಲು, ಆಮೇಲೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು.

ಎಂಡೋಸಲ್ಫಾನ್ ಕಲಿಸಿದ್ದು

ಕಾಗದದಿಂದ ಏನಾಗುತ್ತದೆ ಅಂತ ಅನುಮಾನ ಇರುವವರಿಗೆ ನಮ್ಮದೇ ಜಿಲ್ಲೆಯ ಕಥೆ ಇದೆ. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ತೋಟ ಸರಕಾರದ್ದು, ಸುರಿದದ್ದೂ ಸರಕಾರದ ಸಂಸ್ಥೆ, ಓಟು ಪಡೆದವರು ಎಲ್ಲ ಪಕ್ಷದವರು. ಎಣ್ಮಕಜೆಯ ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಹತ್ತಿರ ಬರುವ ರೋಗಿಗಳಲ್ಲಿ ಏನೋ ವ್ಯತ್ಯಾಸ ಇದೆ ಅಂತ ಗಮನಿಸಿ ಬರೆದಿಡಲು ಶುರು ಮಾಡಿದರು. ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಗಿನ ಜಗತ್ತಿಗೆ ಹೇಳಿದರು. ಪೆರಿಯದ ಕಡೆ ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿನ ಮೆಟ್ಟಿಲು ಹತ್ತಿದರು, ಅಲ್ಲಿಂದಲೇ ಸಿಂಪಡಣೆಗೆ ತಡೆ ಬಂತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಲು ಹೇಳಿತು. ಆ ಮೂರು ತಿಂಗಳು ವರ್ಷಗಟ್ಟಲೆ ಎಳೆಯಿತು, ಜನ ಮತ್ತೆ ಕೋರ್ಟಿಗೆ ಹೋಗಬೇಕಾಯಿತು.

ಇದರಲ್ಲಿ ಎರಡು ಮಾತಿದೆ. ಒಬ್ಬ ಡಾಕ್ಟರು, ಒಬ್ಬ ಬರಹಗಾರ, ಒಬ್ಬ ಹೆಣ್ಣುಮಗಳು ಬರೆದಿಟ್ಟ ಕಾಗದ ದೆಹಲಿಯವರೆಗೆ ಹೋಗಬಲ್ಲದು. ಆದರೆ ಅಷ್ಟು ಹೊತ್ತಿಗೆ ಎಷ್ಟೋ ಮಕ್ಕಳ ಬದುಕು ಹೋಗಿತ್ತು. ಎಂಬತ್ತರ ದಶಕದಲ್ಲೇ ಪ್ರತಿ ವಾರ್ಡಿನಲ್ಲಿ "ನಮ್ಮ ಬಾವಿಯ ಮೇಲೆ ಇದೇನು ಸುರಿಯುತ್ತಿದ್ದೀರಿ" ಅಂತ ಕೇಳಿ ದಾಖಲೆ ಮಾಡುವ ಸಭೆಗಳು ಇದ್ದಿದ್ದರೆ? ಆಗ ಇರಲಿಲ್ಲ. ಈಗ ಇವೆ.

ಸಭೆ ಮುಗಿದ ಮೇಲೆ

ಮಿನಿಟ್ಸ್ ಬರೆದು ಮುಗಿಯುವವರೆಗೆ ಅಲ್ಲೇ ಇರಿ. ನಿಮ್ಮ ನಿರ್ಣಯ ಅದರಲ್ಲಿ ಇದೆಯಾ ಓದಿ, ಫೋಟೋ ತೆಗೆದುಕೊಳ್ಳಿ. ವಾರದೊಳಗೆ ಅದರ ಪ್ರತಿಗೆ ಅರ್ಜಿ ಕೊಡಿ. ವಿಕಸನ ಸೆಮಿನಾರ್ ಯಾವಾಗ ಅಂತ ಕೇಳಿ, ಅದಕ್ಕೆ ನಿಮ್ಮ ವಾರ್ಡಿನಿಂದ ಹೋಗುವವರಿಗೆ ಬೇಡಿಕೆಯ ಪ್ರತಿ ಕೊಟ್ಟು ಕಳಿಸಿ.

ತುರ್ತು ವಿಷಯ ಬಂದರೆ ಮೂರು ತಿಂಗಳು ಕಾಯಬೇಕಾಗಿಲ್ಲ. ವಾರ್ಡಿನ ನೂರಕ್ಕೆ 10 ಮತದಾರರು ವಿಷಯ ಬರೆದು ಸಹಿ ಹಾಕಿ ಕೊಟ್ಟರೆ 15 ದಿನದೊಳಗೆ ವಿಶೇಷ ಗ್ರಾಮಸಭೆ ಕರೆಯಬೇಕು. ಎರಡು ಸಾಮಾನ್ಯ ಸಭೆಗಳ ನಡುವೆ ಒಂದು ಸಲ ಮಾತ್ರ ಇದಕ್ಕೆ ಅವಕಾಶ, ಆದ್ದರಿಂದ ನಿಜವಾದ ತುರ್ತಿಗೆ ಮಾತ್ರ ಬಳಸಿ.

ಎಲ್ಲ ಮಾಡಿಯೂ ಆಗದಿದ್ದರೆ, ಭ್ರಷ್ಟಾಚಾರವೋ ಅಧಿಕಾರದ ದುರುಪಯೋಗವೋ ಕಾಗದದಲ್ಲಿ ಸ್ಪಷ್ಟ ಕಂಡರೆ, ಸ್ಥಳೀಯ ಸಂಸ್ಥೆಗಳಿಗೇ ಅಂತ ತಿರುವನಂತಪುರದಲ್ಲಿ ಓಂಬುಡ್ಸ್‌ಮನ್ (ದೂರು ವಿಚಾರಿಸುವ ಅಧಿಕಾರಿ) ಇದ್ದಾರೆ. ಮೆಂಬರರು, ಅಧ್ಯಕ್ಷರು, ಸೆಕ್ರೆಟರಿ, ಎಲ್ಲರ ಮೇಲಿನ ದೂರನ್ನೂ ಅಲ್ಲಿಗೆ ಕೊಡಬಹುದು. ಕೇಳಿದ್ದನ್ನು, ಊಹಿಸಿದ್ದನ್ನು ಬರೆಯಬೇಡಿ. ಅರ್ಜಿಯ ರಶೀದಿ, ಮಿನಿಟ್ಸಿನ ಪ್ರತಿ, ಅಳತೆಯ ಫೋಟೋ, ಮಾಹಿತಿ ಹಕ್ಕಿನ ಉತ್ತರ, ಇವನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಮೂಲಪ್ರತಿಯನ್ನು ಮನೆಯಲ್ಲೇ ಇಟ್ಟುಕೊಂಡು ನಕಲನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ.